ನಡೆದು ಕರಗಿಸಿದ್ದನ್ನು ಮತ್ತೆ ತಿನ್ನಬಹುದೇ?

ಪ್ರಶ್ನೆ: ತೂಕ ಇಳಿಸಲು ದಿನಕ್ಕೆ 1,500 ಕ್ಯಾಲೊರಿಯ ಮಿತಿ ಹಾಕಿಕೊಂಡಿದ್ದೇನೆ. ಒಂದು ಗಂಟೆ ವಾಕಿಂಗ್ ಮಾಡಿದರೆ ಸ್ಮಾರ್ಟ್‌ವಾಚ್ 350 ಕ್ಯಾಲೊರಿ ಖರ್ಚಾಯಿತು ಎನ್ನುತ್ತದೆ. ಅಷ್ಟನ್ನು ಹೆಚ್ಚುವರಿಯಾಗಿ ತಿನ್ನಬಹುದೇ?

ಉತ್ತರ: ಪೂರ್ತಿ ಬೇಡ. ಮೊದಲನೆಯದಾಗಿ, ಆ ಲೆಕ್ಕವೇ ಅನುಮಾನದ್ದು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ 7 ಸಾಧನಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಹೆಚ್ಚಿನವು ಸರಿಯಾಗಿಯೇ ಅಳೆದವು. ಕ್ಯಾಲೊರಿ ವಿಷಯದಲ್ಲಿ ಮಾತ್ರ ಅತ್ಯುತ್ತಮ ಸಾಧನವೂ ಸರಾಸರಿ ಶೇ 27ರಷ್ಟು ತಪ್ಪಿತು.

ಎರಡನೆಯದು, 70 ಕೆ.ಜಿ. ತೂಕದವರು ಗಂಟೆಗೆ ಐದು ಕಿ.ಮೀ. ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚು ಸುಮಾರು 250 ಕ್ಯಾಲೊರಿ. ಸುಮ್ಮನೆ ಕೂತಿದ್ದರೂ ದೇಹ ಸುಮಾರು 70 ಕ್ಯಾಲೊರಿ ಬಳಸುತ್ತಿತ್ತು. ಅದನ್ನು ಕಳೆದರೆ ನಡಿಗೆಯ ನಿಜವಾದ ಗಳಿಕೆ 180 ಮಾತ್ರ. ಹೋಟೆಲಿನ ಒಂದು ಮಸಾಲೆ ದೋಸೆ ಅದನ್ನು ಸಲೀಸಾಗಿ ನುಂಗಿಹಾಕುತ್ತದೆ.

ಮೂರನೆಯದು, ನಿಮ್ಮ 1,500ರ ಮಿತಿ ಬಂದದ್ದು ಹೇಗೆ? ಆ್ಯಪ್‌ನಲ್ಲಿ ‘ದಿನವೂ ವ್ಯಾಯಾಮ ಮಾಡುತ್ತೇನೆ’ ಎಂದು ತುಂಬಿದ್ದರೆ ನಡಿಗೆ ಅದರಲ್ಲೇ ಸೇರಿದೆ. ಮತ್ತೆ ತಿಂದರೆ ಒಂದೇ ಖರ್ಚನ್ನು ಎರಡು ಸಲ ಬರೆದಂತೆ.

ಹಾಗೆಂದು ಹಸಿವನ್ನು ಕಡೆಗಣಿಸಬೇಡಿ. ದೀರ್ಘ ಓಟ, ಸೈಕ್ಲಿಂಗ್ ಮಾಡಿದ ದಿನ ಹೆಚ್ಚು ತಿನ್ನಲೇಬೇಕು. ಸಾಮಾನ್ಯ ದಿನಗಳಲ್ಲಿ ವಾಚ್ ತೋರಿಸಿದ್ದರ ಅರ್ಧಕ್ಕಿಂತ ಹೆಚ್ಚು ಬೇಡ. ಅದೂ ಮೊಳಕೆಕಾಳು, ಮೊಟ್ಟೆ, ಮಜ್ಜಿಗೆಯ ರೂಪದಲ್ಲಿರಲಿ. ಮೂರ್ನಾಲ್ಕು ವಾರಗಳ ಸರಾಸರಿ ತೂಕ ನೋಡಿ ಪ್ರಮಾಣ ಬದಲಿಸಿಕೊಳ್ಳಿ. ಸುಸ್ತು, ತಲೆಸುತ್ತು ಕಾಣಿಸಿದರೆ ಮಿತಿಯೇ ಬಿಗಿಯಾಗಿರಬಹುದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟ ಕಡಿಮೆ ಮಾಡಬೇಕು.