ಹೆರಿಗೆ ಕೋಣೆಯಲ್ಲಿ ಮಾರ್ಪಾಟು: ಯೋಜನೆ ಮತ್ತು ಮೌಲ್ಯಮಾಪನ

ಕೊಡಚಾದ್ರಿಯ ತಪ್ಪಲಿನಲ್ಲಿ, ಸೌಪರ್ಣಿಕೆಯ ದಡದಲ್ಲಿರುವ ಕೊಲ್ಲೂರಿನಿಂದ ಕುಂದಾಪುರಕ್ಕೆ ಸುಮಾರು 40 ಕಿಲೋಮೀಟರು. ಮಣಿಪಾಲಕ್ಕೆ ಅದರ ಎರಡರಷ್ಟು ದಾರಿ. ಹೆರಿಗೆಯಾದ ಕೂಡಲೇ ತಾಯಿಗೆ ರಕ್ತಸ್ರಾವವು ಮಿತಿಮೀರಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ಒದಗಬಹುದು. ಆದುದರಿಂದ ಇಂಥ ಘಟ್ಟದ ಬುಡದ ಸೀಮೆಗಳಲ್ಲಿ ದಾದಿಯರು ಮೊದಲ ಕೆಲವು ನಿಮಿಷಗಳಲ್ಲಿ ಏನು ಮಾಡುವರೆಂಬುದೇ ಮುಖ್ಯವಾಗುತ್ತದೆ. ಆ ನಿಮಿಷಗಳ ಕೆಲಸವನ್ನು ಉತ್ತಮಪಡಿಸಬೇಕೆಂದು ಒಂದು ಹೊಸ ಪದ್ಧತಿಯನ್ನು ಜಾರಿಗೆ ತಂದರೆ, ಅದರಿಂದ ಒಳಿತಾಯಿತೆಂದು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲಿಯೇ ನಡೆದ ಕೆಲವು ಪ್ರಯೋಗಗಳ ಆಧಾರದಿಂದ ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆಯು ಸುರಕ್ಷಿತ ಹೆರಿಗೆಗಾಗಿ ಒಂದು ತಪಾಸಣಾ ಪಟ್ಟಿಯನ್ನು ರಚಿಸಿತು. ಗರ್ಭಿಣಿಯು ಒಳಗೆ ಬಂದಾಗ, ಮಗು ಹೊರಬರುವ ಮುನ್ನ, ಹೆರಿಗೆಯಾದ ಒಂದು ಗಂಟೆಯೊಳಗೆ, ಮನೆಗೆ ಕಳುಹಿಸುವ ಮುನ್ನ, ಹೀಗೆ ನಾಲ್ಕು ಘಟ್ಟಗಳಲ್ಲಿ ದಾದಿಯರು ಕ್ಷಣಕಾಲ ನಿಂತು ಪಟ್ಟಿಯನ್ನು ನೋಡಿಕೊಳ್ಳಬೇಕು. ಕೈ ತೊಳೆದುದಾಯಿತೆ, ರಕ್ತದ ಒತ್ತಡ ಅಳೆದುದಾಯಿತೆ ಎಂಬಂಥ ಸರಳ ಪ್ರಶ್ನೆಗಳೇ ಅದರಲ್ಲಿರುವುವು. 2010ರಲ್ಲಿ ಕರ್ನಾಟಕದ ಒಂದು ಗ್ರಾಮೀಣ ಹೆರಿಗೆ ಕೇಂದ್ರದಲ್ಲಿ ಇದನ್ನು ಪ್ರಯೋಗಿಸಿ ನೋಡಿದರು. ಪಟ್ಟಿ ಬರುವ ಮೊದಲು, ಅವಶ್ಯವೆಂದು ಗುರುತಿಸಿದ 29 ಕ್ರಮಗಳಲ್ಲಿ ಸರಾಸರಿ 10 ಮಾತ್ರ ಪಾಲನೆಯಾಗುತ್ತಿದ್ದವು. ಬಂದ ಮೇಲೆ ಸರಾಸರಿ 25 ಪಾಲನೆಯಾದವು. 2012ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನೋಡಿದವರು ಹರ್ಷಪಟ್ಟುದು ಸಹಜವೇ. ಆದರೆ ಅದು ಒಂದೇ ಕೇಂದ್ರದ ಹಿಂದು ಮುಂದಿನ ಹೋಲಿಕೆ. ಪಟ್ಟಿಯಿಲ್ಲದ ಮತ್ತೊಂದು ಕೇಂದ್ರವನ್ನು ಎದುರಿಗಿಟ್ಟು ನೋಡಿದುದಲ್ಲ. ಪಕ್ಕದಲ್ಲಿ ಒಬ್ಬರು ನಿಂತು ಬರೆದುಕೊಳ್ಳುತ್ತಿದ್ದಾಗ ಯಾರಾದರೂ ಸ್ವಲ್ಪ ಜಾಗರೂಕರಾಗಿಯೇ ಇರುತ್ತಾರಲ್ಲವೆ?

ಈ ಸಂಶಯವನ್ನು ಪರಿಹರಿಸುವಂತೆ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಕೇಂದ್ರಗಳಲ್ಲಿ ಒಂದು ಬೃಹತ್ ಪರೀಕ್ಷೆ ನಡೆದು, ಅದರ ಫಲವು 2017ರಲ್ಲಿ ಹೊರಬಂದಿತು. ಅರ್ಧ ಕೇಂದ್ರಗಳಿಗೆ ಪಟ್ಟಿಯನ್ನೂ, ಎಂಟು ತಿಂಗಳ ಕಾಲ ಆಗಾಗ ಬಂದು ತಿದ್ದಿ ಹೇಳುವ ಮಾರ್ಗದರ್ಶಕರನ್ನೂ ಕೊಟ್ಟರು. ಉಳಿದ ಅರ್ಧದಲ್ಲಿ ಕೆಲಸವು ಎಂದಿನಂತೆಯೇ ನಡೆಯಿತು. ಒಂದೂವರೆ ಲಕ್ಷಕ್ಕೂ ಮೀರಿದ ತಾಯಂದಿರ ವಿವರಗಳನ್ನು ಸಂಗ್ರಹಿಸಲಾಯಿತು. ಎರಡು ತಿಂಗಳಾದಾಗ ಮೊದಲ ಗುಂಪಿನಲ್ಲಿ ಕ್ರಮಪಾಲನೆ ಶೇಕಡ 72.8, ಎರಡನೆಯದರಲ್ಲಿ ಶೇಕಡ 41.7. ಮಾರ್ಗದರ್ಶಕರು ಬರುವುದು ನಿಂತು ನಾಲ್ಕು ತಿಂಗಳಾದ ಮೇಲೆ ನೋಡಿದರೆ ಮೊದಲನೆಯದು 61.7ಕ್ಕೆ ಇಳಿದಿತ್ತು, ಎರಡನೆಯದು 43.9ರಲ್ಲಿತ್ತು. ಇಷ್ಟಾದರೂ ಇದು ಸಣ್ಣ ಸಾಧನೆಯಲ್ಲ. ಆದರೆ ತಾಯಿಯ ಮರಣ, ಶಿಶುವಿನ ಮರಣ, ತಾಯಿಗೆ ಒದಗುವ ತೀವ್ರ ತೊಂದರೆ ಇವನ್ನೆಲ್ಲ ಒಟ್ಟುಗೂಡಿಸಿ ಎಣಿಸಿದಾಗ ಒಂದು ಗುಂಪಿನಲ್ಲಿ ಶೇಕಡ 15.1, ಇನ್ನೊಂದರಲ್ಲಿ 15.3. ಅಂದರೆ ಗಣನೀಯ ವ್ಯತ್ಯಾಸವೇ ಇಲ್ಲ.

ಕೆಲಸ ಸುಧಾರಿಸಿತು, ಫಲ ಸುಧಾರಿಸಲಿಲ್ಲ. ಇದರಿಂದ ಪಟ್ಟಿಯೇ ವ್ಯರ್ಥವೆಂದು ತೀರ್ಮಾನಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಪಟ್ಟಿಯು ಮರೆವಿಗೆ ಮದ್ದು. ರಕ್ತವಿಲ್ಲದಿರುವುದಕ್ಕೆ, ವೈದ್ಯರಿಲ್ಲದಿರುವುದಕ್ಕೆ, ದೊಡ್ಡ ಆಸ್ಪತ್ರೆ ದೂರವಿರುವುದಕ್ಕೆ ಅದು ಮದ್ದಾಗಲಾರದು. ಪಾಲನೆಯಾದ ಕ್ರಮಗಳ ಸಂಖ್ಯೆಯನ್ನೇ ಗುಣವೆಂದು ತಿಳಿದಿದ್ದರೆ ಈ ಸಂಗತಿಯು ಗೊತ್ತಾಗುತ್ತಲೇ ಇರಲಿಲ್ಲ.

ಹಾಗಾದರೆ ಮರಣಗಳನ್ನೇ ಎಣಿಸಿದರೆ ಸಾಲದೆ? ಸಣ್ಣ ಕೇಂದ್ರಕ್ಕೆ ಅದು ಸಾಧ್ಯವಿಲ್ಲ. 2018–20ರ ಗಣನೆಯಂತೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರ ಮರಣಗಳಾದವು. ವರ್ಷಕ್ಕೆ 200 ಹೆರಿಗೆಗಳಾಗುವ ಒಂದು ಕೇಂದ್ರವನ್ನು ಊಹಿಸಿಕೊಳ್ಳೋಣ. ಈ ದರದಲ್ಲಿ ಅಲ್ಲಿ ಸುಮಾರು ಏಳು ವರ್ಷಕ್ಕೊಂದು ಮರಣ ಸಂಭವಿಸಬಹುದು. ಹೊಸ ಪದ್ಧತಿ ಬಂದ ಮೇಲೆ ಎರಡು ವರ್ಷ ಒಂದೂ ಸಾವಾಗಲಿಲ್ಲವೆಂದು ವರದಿ ಬರೆದರೆ, ಅದರಿಂದ ಸಿದ್ಧವಾಗುವುದು ಏನೂ ಇಲ್ಲ. ದುರ್ದೈವದಿಂದ ಒಂದು ಸಾವಾದರೂ ಪದ್ಧತಿ ಕೆಟ್ಟದ್ದೆಂದು ಹೇಳುವಂತಿಲ್ಲ.

ಆದಕಾರಣ ಸಣ್ಣ ಕೇಂದ್ರವು ಕ್ರಿಯೆಗೂ ಮರಣಕ್ಕೂ ನಡುವೆ ಇರುವ, ಮರಣದೊಂದಿಗಿನ ಸಂಬಂಧವು ಬೇರೆಡೆ ದೃಢಪಟ್ಟಿರುವ ಒಂದು ಅಳತೆಯನ್ನು ಹುಡುಕಿಕೊಳ್ಳಬೇಕು. ಇಲ್ಲಿ ಬೆಳಗಾವಿಯವರ ಕೆಲಸವು ನಮಗೆ ದಾರಿ ತೋರುತ್ತದೆ. ಅಲ್ಲಿನ ಸಂಶೋಧಕರು ಹೆರಿಗೆಯಾದ ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಗೆರೆಗಳುಳ್ಳ ಚೀಲವಿರುವ ಒಂದು ಪ್ಲಾಸ್ಟಿಕ್ ಹಾಸನ್ನು ಬಳಸಿ ರಕ್ತವನ್ನು ಅಳೆದರು. ಕಣ್ಣಂದಾಜು ನಿಜವಾದ ಪ್ರಮಾಣಕ್ಕಿಂತ ಸುಮಾರು ಮೂರನೆಯ ಒಂದಂಶ ಕಡಿಮೆಯಾಗಿರುವುದೆಂದು ಇದರಿಂದ ಕಂಡುಬಂದಿತು. ಅದೇ ಹಾಸಿನ ಆಧಾರದಿಂದ ಆ ಜಿಲ್ಲೆಯ ಹಳ್ಳಿಗಳಲ್ಲಿ 1,620 ತಾಯಂದಿರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಾದಿಯರು ಕೊಟ್ಟ ಮಿಸೊಪ್ರಾಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವವು ಶೇಕಡ 12.0ರಿಂದ 6.4ಕ್ಕೆ ಇಳಿಯಿತು. ಮುಂದೆ ಕೀನ್ಯ, ನೈಜೀರಿಯ, ಟಾಂಜಾನಿಯ, ದಕ್ಷಿಣ ಆಫ್ರಿಕಗಳ ಆಸ್ಪತ್ರೆಗಳಲ್ಲಿ ಇಂಥ ಹಾಸಿನ ಜೊತೆಗೆ ಚಿಕಿತ್ಸಾಕ್ರಮಗಳನ್ನೆಲ್ಲ ಒಟ್ಟಿಗೆ ಆರಂಭಿಸುವ ಪದ್ಧತಿಯನ್ನು ಪರೀಕ್ಷಿಸಿದರು. ತೀವ್ರ ರಕ್ತಸ್ರಾವ ಮೊದಲಾದ ಗಂಭೀರ ಪರಿಣಾಮಗಳು ಎಂದಿನ ಚಿಕಿತ್ಸೆಯಲ್ಲಿ ಶೇಕಡ 4.3, ಹೊಸ ಪದ್ಧತಿಯಲ್ಲಿ 1.6 ಎಂದು 2023ರಲ್ಲಿ ವರದಿಯಾಯಿತು. ಅಳೆಯುವ ಸಾಧನವೇ ಇಲ್ಲಿ ಮಾರ್ಪಾಟಿನ ಒಂದು ಅಂಗವಾಯಿತೆಂಬುದನ್ನು ಗಮನಿಸಬೇಕು.

ಕೊಲ್ಲೂರಿನ ಸುತ್ತಣ ಸೀಮೆಯಂಥಲ್ಲಿ ಇದನ್ನು ಆಚರಣೆಗೆ ತರುವವರು ಹಾಸನ್ನು ಕೊಂಡುತಂದ ದಿನದಿಂದ ಎಣಿಕೆಯನ್ನು ಆರಂಭಿಸಬಾರದು. ಅದಕ್ಕೆ ಮುಂಚೆ ಕೆಲವು ತಿಂಗಳು, ಏನನ್ನೂ ಬದಲಿಸದೆ, ಹೆರಿಗೆಯಾದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ ಚುಚ್ಚುಮದ್ದು ಎಷ್ಟು ಮಂದಿಗೆ ದೊರೆಯಿತೆಂಬುದನ್ನು ಬರೆದಿಡಬೇಕು. ಆ ಔಷಧವು 2ರಿಂದ 8 ಡಿಗ್ರಿ ಶೀತದಲ್ಲಿರಬೇಕಾದುದರಿಂದ ಮಳೆಗಾಲದಲ್ಲಿ ವಿದ್ಯುತ್ತು ಕೈಕೊಟ್ಟಾಗ ಪೆಟ್ಟಿಗೆಯ ಶಾಖವೆಷ್ಟಿತ್ತೆಂಬುದನ್ನೂ ಗುರುತಿಸಬೇಕು. ರಾತ್ರಿ ಎರಡು ಗಂಟೆಗೆ ಒಬ್ಬರೇ ದಾದಿಯಿರುವಾಗ ಹಾಸನ್ನು ಯಾರು ಹಾಸುವರು, ಚೀಲದ ಅಳತೆಯನ್ನು ಯಾರು ಓದುವರು ಎಂಬುದನ್ನು ಆ ದಾದಿಯರನ್ನೇ ಕೇಳಿ ನಿಶ್ಚಯಿಸಬೇಕು. ಒಂದು ಹೊಸ ರಿಜಿಸ್ಟರನ್ನು ಸೇರಿಸುವಾಗ ಹಳೆಯದೊಂದನ್ನು ತೆಗೆದುಹಾಕದಿದ್ದರೆ, ತಾಯಿಯ ಬಳಿ ಇರಬೇಕಾದವರು ಮೇಜಿನ ಬಳಿ ಇರುತ್ತಾರೆ. ಇನ್ನೊಂದು ವಿಷಯ: ಕಣ್ಣಂದಾಜನ್ನು ಬಿಟ್ಟು ಹಾಸಿನಿಂದ ಅಳೆಯತೊಡಗಿದ ಮೇಲೆ ಅತಿ ರಕ್ತಸ್ರಾವದ ಸಂಖ್ಯೆ ಹೆಚ್ಚಿದಂತೆಯೇ ತೋರುವುದು. ಮೊದಲು ಕಾಣದಿದ್ದುದು ಈಗ ಕಾಣುತ್ತಿದೆ, ಅಷ್ಟೆ. ಮೇಲಧಿಕಾರಿಗಳಿಗೆ ಇದನ್ನು ಮುಂಚಿತವಾಗಿಯೇ ತಿಳಿಸಿರಬೇಕು. ಇಲ್ಲದಿದ್ದರೆ ಸತ್ಯವನ್ನು ಬರೆದ ದಾದಿಯರೇ ಸಮಜಾಯಿಷಿ ಕೊಡಬೇಕಾದೀತು.

ತಿಂಗಳಿಗೆ ಹದಿನೈದಿಪ್ಪತ್ತು ಹೆರಿಗೆಗಳಿರುವಲ್ಲಿ ಶೇಕಡಾವಾರು ಲೆಕ್ಕವು ಏರಿಳಿಯುತ್ತಲೇ ಇರುವುದರಿಂದ ಒಂದು ತಿಂಗಳಿನ ಅಂಕಿಯನ್ನು ಹಿಡಿದು ಹೊಗಳುವುದಾಗಲಿ ತೆಗಳುವುದಾಗಲಿ ಸಲ್ಲದು. ಕಡೆಯ ಎಣಿಕೆಯ ತಿಂಗಳನ್ನು ಯೋಜನೆಯ ಮೊದಲ ಪುಟದಲ್ಲಿಯೇ ಬರೆದಿಡುವುದು ಲೇಸು: ಮಾರ್ಗದರ್ಶಕರು ಹೊರಟುಹೋಗಿ ನಾಲ್ಕಾರು ತಿಂಗಳು ಕಳೆದ ಮೇಲೆ, ಅದೂ ಕುಂದಾಪುರದ ದಾರಿ ನಿಧಾನವಾಗುವ ಆಷಾಢದಲ್ಲಿ.