ರೇಡಿಯೇಟರ್ ಫ್ಯಾನು ನಿಲ್ಲದೆ ತಿರುಗುತ್ತಿದ್ದರೆ



ಕೊಯ್ಲಿನ ಕಾಲದಲ್ಲಿ ಬೆಳೆಗಾರನಿಗೆ ಆಳು ಎಷ್ಟು ಮುಖ್ಯವೋ ಗಾಡಿಯೂ ಅಷ್ಟೇ ಮುಖ್ಯ. ಕಾಫಿ ಕ್ಯೂರಿಂಗಿಗೆ ಹೋಗಬೇಕು, ಅಡಿಕೆ ಮಂಡಿಗೆ ಹೋಗಬೇಕು, ಗೊಬ್ಬರ ತೋಟಕ್ಕೆ ಬರಬೇಕು. ಈಚೆಗೆ ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಹಲವರು ಒಂದೇ ದೂರು ಹೇಳುತ್ತಿದ್ದಾರೆ: ಕಾರಿನ ರೇಡಿಯೇಟರ್ ಫ್ಯಾನು ತಿರುಗಲು ಹಿಡಿದರೆ ನಿಲ್ಲುವುದೇ ಇಲ್ಲ. ಒಬ್ಬರಿಗೆ ರೇಡಿಯೇಟರನ್ನೇ ಬದಲಿಸಬೇಕೆಂದು ಹೇಳಿ ಕಳಿಸಿದ್ದಾರೆ. ಇನ್ನೊಬ್ಬರು ಶಬ್ದ ತಡೆಯಲಾರದೆ ಫ್ಯಾನಿನ ವೈರನ್ನೇ ಕಿತ್ತುಬಿಟ್ಟರು. ಎರಡೂ ಅವಸರದ ಕೆಲಸ.

ಫ್ಯಾನು ತನ್ನಷ್ಟಕ್ಕೆ ತಿರುಗುವುದಿಲ್ಲ. ಅದಕ್ಕೆ ಅಪ್ಪಣೆ ಬರುತ್ತದೆ. ಆ ಅಪ್ಪಣೆ ನಿಜವಾದ ಬಿಸಿಯಿಂದ ಬಂದಿದೆಯೋ, ಸುಳ್ಳು ಸುದ್ದಿಯಿಂದ ಬಂದಿದೆಯೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ರಿಪೇರಿಯ ಮಾತು ಆಮೇಲೆ.

ಫ್ಯಾನಿನ ಕೆಲಸ

ಓಡುವ ಇಂಜಿನ್ನಿನ ನೀರಿನ ಬಿಸಿ ಸಾಮಾನ್ಯವಾಗಿ 85ರಿಂದ 105 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. 80ರಿಂದ 90 ಡಿಗ್ರಿಯಲ್ಲಿ ಥರ್ಮೋಸ್ಟಾಟ್ ವಾಲ್ವು ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಓಡುವಾಗ ಎದುರುಗಾಳಿಯೇ ಅದನ್ನು ತಣಿಸುತ್ತದೆ. ಗಾಡಿ ನಿಂತಾಗ, ಅಥವಾ ಎರಡನೇ ಗೇರಿನಲ್ಲಿ ಘಾಟಿ ಹತ್ತುವಾಗ ಆ ಗಾಳಿ ಸಾಲದು. ಆಗ ಫ್ಯಾನು ಬೇಕು. ಅನೇಕ ಕಾರುಗಳಲ್ಲಿ ಅದು 95ರಿಂದ 100 ಡಿಗ್ರಿಗೆ ತಿರುಗಲು ತೊಡಗಿ, ಐದಾರು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ.

ಕೆಲವು ಸಂದರ್ಭಗಳಲ್ಲಿ ಫ್ಯಾನು ತಿರುಗುವುದು ದೋಷವೇ ಅಲ್ಲ. ಎ.ಸಿ. ಹಾಕಿದರೆ ಫ್ಯಾನು ತಿರುಗಲೇಬೇಕು. ಮಳೆಗಾಲದಲ್ಲಿ ಮುಂದಿನ ಗಾಜಿನ ಮಂಜು ತೆಗೆಯುವ ಗುಂಡಿ ಒತ್ತಿದರೂ ಅನೇಕ ಕಾರುಗಳಲ್ಲಿ ಎ.ಸಿ. ತಾನಾಗಿ ಚಾಲೂ ಆಗುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಳಿಬರುವ ದೂರುಗಳಲ್ಲಿ ಕೆಲವಕ್ಕೆ ಇದೇ ಕಾರಣ. ಘಾಟಿ ಹತ್ತಿ ಬಂದು ಇಂಜಿನ್ ಆರಿಸಿದ ಮೇಲೂ ಕೆಲವು ಕಾರುಗಳಲ್ಲಿ ಫ್ಯಾನು ಕೆಲವು ನಿಮಿಷ ತಿರುಗಿ ತಾನೇ ನಿಲ್ಲುತ್ತದೆ. ಅದೂ ಸರಿಯೇ.

ಬೆಳಗಿನ ಪರೀಕ್ಷೆ

ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯನ್ನು ಬೆಳಿಗ್ಗೆ ಪರೀಕ್ಷಿಸಬೇಕು. ಎ.ಸಿ. ಮತ್ತು ಗಾಜಿನ ಗುಂಡಿ ಎರಡನ್ನೂ ಆಫ್ ಮಾಡಿ ಕೀಲಿ ತಿರುಗಿಸಿ. ಸ್ಟಾರ್ಟ್ ಮಾಡಿದೊಡನೆ ಫ್ಯಾನು ತಿರುಗಿದರೆ ಅಪ್ಪಣೆ ಸುಳ್ಳು. ದೋಷ ವಿದ್ಯುತ್ತಿನ ಕಡೆ ಇದೆ. ಹತ್ತು ಹದಿನೈದು ನಿಮಿಷ ಸುಮ್ಮನಿದ್ದು, ಇಂಜಿನ್ ಕಾದ ಮೇಲೆ ತಿರುಗಲು ತೊಡಗಿ ಮತ್ತೆ ನಿಲ್ಲದಿದ್ದರೆ ಬಿಸಿಯೇ ನಿಜವಿರಬಹುದು. ನೀರಿನ ಕಡೆ ನೋಡಬೇಕು.

ಒಂದು ಎಚ್ಚರಿಕೆ. ಇಂಜಿನ್ ಆರಿದ್ದರೂ ಫ್ಯಾನು ಯಾವ ಕ್ಷಣದಲ್ಲಾದರೂ ತಿರುಗಬಹುದು. ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.

ಅಪ್ಪಣೆ ಸುಳ್ಳಾದರೆ

ಮೊದಲ ಅನುಮಾನ ರಿಲೇ ಮೇಲೆ. ಇದು ಫ್ಯೂಸ್ ಪೆಟ್ಟಿಗೆಯಲ್ಲಿ ಕೂರುವ, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಸ್ವಿಚ್ಚು. ವರ್ಷಗಟ್ಟಲೆ ಕಿಡಿ ಹಾರಿ ಇದರೊಳಗಿನ ತುದಿಗಳು ಒಂದಕ್ಕೊಂದು ಬೆಸೆದುಕೊಳ್ಳುವುದುಂಟು. ಆಗ ಕೀಲಿ ತೆಗೆದರೂ ಫ್ಯಾನು ನಿಲ್ಲದೆ, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುತ್ತದೆ. ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ (ಅನೇಕ ಗಾಡಿಗಳಲ್ಲಿ ಹಾರನ್ನಿನದು) ಇದ್ದರೆ ಅದಲು ಬದಲು ಮಾಡಿ ನೋಡಿ. ಫ್ಯಾನು ನಿಂತರೆ ದೋಷ ಸಿಕ್ಕಿತು. ರಿಲೇ ಕಿತ್ತ ಮೇಲೂ ತಿರುಗುತ್ತಿದ್ದರೆ ಎಲ್ಲೋ ವೈರು ತಗಲಿಕೊಂಡಿದೆ. ಹೊಸ ರಿಲೇ ಹಾಕಿದರೂ ತಿರುಗುತ್ತಿದ್ದರೆ ಅಪ್ಪಣೆ ಬೇರೆಡೆಯಿಂದ ಬರುತ್ತಿದೆ.

ಹಳೆಯ ಕಾರುಗಳಲ್ಲಿ ಅಪ್ಪಣೆ ಕೊಡುವುದು ಸಾಮಾನ್ಯವಾಗಿ ರೇಡಿಯೇಟರಿನ ಬಳಿ ಇರುವ ಎರಡು ವೈರಿನ ಥರ್ಮೋ ಸ್ವಿಚ್ಚು. ತಣ್ಣಗಿರುವಾಗ ಅದರ ಪ್ಲಗ್ ಕಳಚಿದೊಡನೆ ಫ್ಯಾನು ನಿಂತರೆ ಸ್ವಿಚ್ಚು ಕೆಟ್ಟಿದೆಯೆಂದು ತಿಳಿಯಬಹುದು.

ಹೊಸ ಕಾರುಗಳಿಗೆ ಇದೇ ಪರೀಕ್ಷೆ ಮಾಡಿದರೆ ದಾರಿ ತಪ್ಪುತ್ತದೆ. ಅವುಗಳಲ್ಲಿ ಸೆನ್ಸರು ನೀರಿನ ಬಿಸಿಯನ್ನು ಇಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಆ ಸುದ್ದಿ ನಿಂತುಹೋದರೆ ಕಂಪ್ಯೂಟರು ಇಂಜಿನ್ ಉಳಿಸುವ ಸಲುವಾಗಿ ಫ್ಯಾನನ್ನು ತಾನೇ ಓಡಿಸುತ್ತದೆ. ಹೀಗಾಗಿ ಪ್ಲಗ್ ಕಳಚಿದರೆ ಸರಿಯಿರುವ ಗಾಡಿಯಲ್ಲೂ ಫ್ಯಾನು ತಿರುಗುವುದುಂಟು. ಇಲ್ಲಿ ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನ ಬಳಿ ಹೋಗಬೇಕು. ತಣ್ಣಗಿನ ಇಂಜಿನ್ನಿನಲ್ಲಿ ನೀರಿನ ಬಿಸಿ ಹೊರಗಿನ ಹವೆಯಷ್ಟೇ ಕಾಣಬೇಕು. ಮಂಜಿನ ಬೆಳಗಿನಲ್ಲಿ ಸೊನ್ನೆಗಿಂತ ಕೆಳಗೆ 40 ಡಿಗ್ರಿ ಎಂದು ತೋರಿಸಿದರೆ ವೈರು ತುಂಡಾಗಿದೆ ಅಥವಾ ಪ್ಲಗ್ ಸಡಿಲವಾಗಿದೆ. 130ಕ್ಕೂ ಮೇಲೆ ತೋರಿಸಿದರೆ ಶಾರ್ಟ್ ಆಗಿದೆ. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳಲ್ಲಿ ವೈರು ತುಂಡು ಮಾಡುವವರು ಯಾರೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ. ಬಾನೆಟ್ ಕೆಳಗೆ ಬೆಚ್ಚಗೆ ಮಲಗುವ ಇಲಿಯನ್ನು ಸೆನ್ಸರು ಬದಲಿಸುವ ಮೊದಲೇ ನೆನೆಯುವುದು ಲೇಸು.

ಬಿಸಿ ನಿಜವಾದರೆ

ತಣ್ಣಗಿರುವಾಗ ನೀರಿನ ಮಟ್ಟ ನೋಡಿ. ಪದೇ ಪದೇ ಕಡಿಮೆಯಾಗುತ್ತಿದ್ದರೆ ಪೈಪು, ವಾಟರ್ ಪಂಪು, ಮುಚ್ಚಳ ಇವುಗಳಲ್ಲಿ ಸೋರಿಕೆ ಹುಡುಕಬೇಕು. ಟ್ಯಾಂಕಿನಲ್ಲಿ ಒಂದೇ ಸಮನೆ ಗುಳ್ಳೆ ಏಳುವುದು, ಆಯಿಲ್ಲು ಹಾಲು ಬೆರೆಸಿದಂತಾಗುವುದು, ಹೆಡ್ ಗ್ಯಾಸ್ಕೆಟ್ ಹೋದ ಗುರುತು. ಅಂಥ ಗಾಡಿಯನ್ನು ಓಡಿಸಬಾರದು.

ಆಮೇಲೆ ರೇಡಿಯೇಟರಿನ ಹೊರಮೈ. ಕೆಸರು, ಹುಳು, ಕಾಫಿ ಹೊಟ್ಟು, ಅಡಿಕೆ ಸಿಪ್ಪೆಯ ನಾರು ಇವೆಲ್ಲ ಎ.ಸಿ. ಜಾಲರಿಗೂ ರೇಡಿಯೇಟರಿಗೂ ನಡುವೆ ಸೇರಿ ಗಾಳಿಯ ದಾರಿ ಮುಚ್ಚುತ್ತವೆ. ಮುಂದಿನಿಂದ ನೋಡಿದರೆ ಇದು ಕಾಣುವುದಿಲ್ಲ. ಇಂಜಿನ್ ಕಡೆಯಿಂದ ಹೊರಕ್ಕೆ, ಸಾಧಾರಣ ಹೋಸಿನಿಂದ ತೊಳೆಯಬೇಕು. ಔಷಧಿ ಹೊಡೆಯುವ ಪವರ್ ಸ್ಪ್ರೇಯರನ್ನು ಹಚ್ಚಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಇದ್ದ ದಾರಿಯೂ ಮುಚ್ಚುತ್ತದೆ.

ಇಂಜಿನ್ ಕಾದಿದ್ದು ಮೇಲಿನ ಹೋಸು ಸುಡುತ್ತಾ, ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆದಿಲ್ಲ, ಇಲ್ಲವೆ ರೇಡಿಯೇಟರ್ ಒಳಗೆ ಕಟ್ಟಿದೆ. ಹಳ್ಳದ ನೀರು, ಬೋರಿನ ನೀರು ಸುರಿದ ರೇಡಿಯೇಟರಿನಲ್ಲಿ ತುಕ್ಕು ಮತ್ತು ಸುಣ್ಣ ಕಟ್ಟುವುದು ಸಹಜ. ತಯಾರಕರು ಹೇಳಿದ ಕೂಲಂಟನ್ನೇ ಹಾಕಬೇಕು. ಬೆರೆಸುವಂಥದ್ದಾದರೆ ಸಾಮಾನ್ಯವಾಗಿ ಸಮಪಾಲು ಡಿಸ್ಟಿಲ್ಡ್ ವಾಟರ್ ಸೇರಿಸುತ್ತಾರೆ.

ಮುಚ್ಚಳವನ್ನು ಅಲಕ್ಷಿಸಬಾರದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸಾವಿರ ಮೀಟರ್ ಎತ್ತರದ ನಮ್ಮ ತೋಟಗಳಲ್ಲಿ 97ರ ಸುಮಾರಿಗೇ ಕುದಿಯುತ್ತದೆ. ಅಡಿಕೆ ಬೇಯಿಸುವ ಹಂಡೆಗೆ ಇದರಿಂದ ತೊಂದರೆಯಿಲ್ಲ, ಇಂಜಿನ್ನಿಗೆ ತೊಂದರೆಯಿದೆ. ಮುಚ್ಚಳ ಒತ್ತಡ ಹಿಡಿದಿಟ್ಟರೆ ನೀರು 115–120 ಡಿಗ್ರಿಯವರೆಗೂ ಕುದಿಯದೆ ಇರುತ್ತದೆ. ಅದರ ರಬ್ಬರು ಸವೆದರೆ ಆ ರಕ್ಷಣೆಯೇ ಇಲ್ಲ.

ಬೆಲ್ಟಿನ ಫ್ಯಾನು

ಜೀಪು, ಪಿಕಪ್ಪುಗಳಲ್ಲಿ ಅನೇಕವಕ್ಕೆ ಫ್ಯಾನನ್ನು ಇಂಜಿನ್ನೇ ತಿರುಗಿಸುತ್ತದೆ. ಅದು ಇಂಜಿನ್ನಿನ ಜತೆ ತಿರುಗುವುದು ಸಹಜ. ಆದರೆ ನಡುವೆ ಕ್ಲಚ್ಚಿರುವ ಫ್ಯಾನು ತಣ್ಣಗಿದ್ದಾಗಲೂ ಹೊತ್ತೆಲ್ಲ ಭೋರ್ಗರೆದರೆ ಕ್ಲಚ್ಚು ಕಚ್ಚಿಕೊಂಡಿದೆ. ಇಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ. ಸ್ವಲ್ಪ ಬಿಗಿಯಾಗಿ ತಿರುಗಬೇಕು. ಅಲುಗದಿದ್ದರೆ ಕಚ್ಚಿದೆ, ಗಿರ್ರನೆ ಸುತ್ತಿದರೆ ಹಿಡಿತ ಹೋಗಿದೆ. ಎರಡನೆಯದು ಹೆಚ್ಚು ಅಪಾಯ.

ವೈರು ಕೀಳಬೇಡಿ

ವೈರು ಕಿತ್ತ ಸದಸ್ಯರ ಕಾರು ಊರ ರಸ್ತೆಯಲ್ಲಿ ಹದಿನೈದು ದಿನ ಚೆನ್ನಾಗಿಯೇ ಓಡಿತು. ಒಂದು ದಿನ ಮಂಗಳೂರಿನಿಂದ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಲಾರಿಯೊಂದರ ಹಿಂದೆ ನಿಧಾನವಾಗಿ ಹತ್ತಬೇಕಾಯಿತು. ನಾಲ್ಕೈದು ತಿರುವಿನಲ್ಲಿ ಮುಳ್ಳು ಕೆಂಪು ಮುಟ್ಟಿ, ಹಬೆ ಎದ್ದಿತು. ಹೆಡ್ ಬಾಗಿ ಗ್ಯಾಸ್ಕೆಟ್ ಹೋಯಿತು. ಕೊಯ್ಲಿನ ಮೂರು ವಾರ ಕಾರು ವರ್ಕ್‌ಶಾಪಿನಲ್ಲಿತ್ತು; ಮೂಟೆ ಸಾಗಿಸಲು ಬಾಡಿಗೆ ಜೀಪು. ಕೊನೆಗೆ ನೋಡಿದರೆ ಮೊದಲಿದ್ದ ದೋಷ ಒಂದು ರಿಲೇಯದು, ಕೆಲವು ನೂರು ರೂಪಾಯಿಯ ಬಾಬತ್ತು.

ಆದ್ದರಿಂದ ಕಾರಣ ತಿಳಿಯುವವರೆಗೆ ಫ್ಯಾನು ತಿರುಗುತ್ತಿರಲಿ. ಕೀಲಿ ತೆಗೆದರೂ ನಿಲ್ಲದಿದ್ದರೆ ರಾತ್ರಿ ಬ್ಯಾಟರಿಯ ತುದಿ ಕಳಚಿಡಿ, ಬೆಳಿಗ್ಗೆ ಮತ್ತೆ ಸೇರಿಸಿ. ಮೆಕ್ಯಾನಿಕ್ಕನಿಗೆ “ಫ್ಯಾನು ನಿಲ್ಲುತ್ತಿಲ್ಲ” ಎಂದಷ್ಟೇ ಹೇಳದೆ, ತಣ್ಣಗಿರುವಾಗಲೇ ತಿರುಗುತ್ತದೋ ಕಾದ ಮೇಲೋ, ಕೀಲಿ ತೆಗೆದ ಮೇಲೂ ತಿರುಗುತ್ತದೋ, ನೀರು ಕಡಿಮೆಯಾಗುತ್ತಿದೆಯೋ ಎಂಬ ಈ ಮೂರನ್ನು ತಿಳಿಸಿ. ಇಷ್ಟು ಹೇಳುವ ಗಿರಾಕಿಗೆ ಬೇಡದ ರೇಡಿಯೇಟರ್ ಮಾರುವುದು ಸುಲಭವಲ್ಲ. ಕೊಯ್ಲು ಶುರುವಾಗುವ ಮುನ್ನ ಒಂದು ಬೆಳಿಗ್ಗೆ ಈ ಪರೀಕ್ಷೆಗಳನ್ನು ಮುಗಿಸಿಕೊಳ್ಳಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.