ಟ್ರ್ಯಾಕ್ಟರಿನ ಎಣ್ಣೆ, ಅಂಗಳಕ್ಕೆ ಅಭ್ಯಂಜನ



ಎತ್ತಿನ ಗಾಡಿಯ ಕಾಲದಲ್ಲಿ ಎಣ್ಣೆಯ ಕೆಲಸ ಸುಲಭವಾಗಿತ್ತು. ಅಚ್ಚಿಗೆ ಒಂದಿಷ್ಟು ಕೀಲೆಣ್ಣೆ ಬಳಿದರೆ ಮುಗಿಯಿತು. ಈಗ ಅಂಗಳದಲ್ಲಿ ಟ್ರ್ಯಾಕ್ಟರು ನಿಂತಿದೆ. ಅದರ ಎಂಜಿನ್ನಿನ ಹೊಟ್ಟೆಯಲ್ಲಿ ಆರೋ ಏಳೋ ಎಂಟೋ ಲೀಟರು ಎಣ್ಣೆ ಇರುತ್ತದೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಸುಮಾರು ೨೫೦ ಗಂಟೆ ದುಡಿಮೆಗೊಮ್ಮೆ ಅದನ್ನು ಬದಲಾಯಿಸಬೇಕು. ನಿಮ್ಮದಕ್ಕೆ ಎಷ್ಟು ಗಂಟೆ, ಎಷ್ಟು ಲೀಟರು, ಯಾವ ಎಣ್ಣೆ ಅನ್ನೋದು ಕೊಳ್ಳುವಾಗ ಕೊಟ್ಟ ಪುಸ್ತಕದಲ್ಲಿದೆ.

"ಒಂದು ಬೋಲ್ಟು ಬಿಚ್ಚೋದಕ್ಕೆ ಮೆಕ್ಯಾನಿಕ್ಕು ಯಾಕೆ, ನಾವೇ ಮಾಡ್ತೀವಿ" ಅಂತೀರಿ. ಮಾಡಿ, ತಪ್ಪಿಲ್ಲ. ಆದರೆ ಈ ಸಣ್ಣ ಕೆಲಸಕ್ಕೆ ಹೋಗಿ ಅಂಗಳಕ್ಕೇ ಅಭ್ಯಂಜನ ಮಾಡಿಸಿದವರು ಊರೂರಲ್ಲೂ ಇದ್ದಾರೆ. ನೋಡಿದವರಿಗೆ ನಗು ಬರುತ್ತದೆ. ಆದರೆ ಅಂಥ ಫಜೀತಿಗಳಲ್ಲಿ ಒಂದೆರಡು ಎಂಜಿನ್ನನ್ನೇ ಕೊಲ್ಲುವಂಥವು.

ಮೊದಲು ಬಾಂಡ್ಲಿಯ ಕಥೆ ಕೇಳಿ. ಯಜಮಾನರು ಗಾರೆ ಹೊರುವ ಬಾಂಡ್ಲಿಯನ್ನು ಎಂಜಿನ್ನಿನ ಕೆಳಗೆ ಸರಿಯಾಗಿ ಇಡುತ್ತಾರೆ. ಪಾನ ಹಾಕಿ ಬೋಲ್ಟು ಸಡಿಲಿಸಿ, ಉಳಿದದ್ದನ್ನು ಬೆರಳಲ್ಲಿ ತಿರುಗಿಸುತ್ತಾರೆ. ಕೊನೆಯ ಸುತ್ತಿಗೆ ಬಿಸಿ ಎಣ್ಣೆ ಕೈಮೇಲೆ ಬಿತ್ತು, ಕೈ ಹಿಂದೆ ಬಂತು, ಬೋಲ್ಟು ಬಾಂಡ್ಲಿಯೊಳಗೆ ಬುಳಕ್ಕೆಂದು ಮುಳುಗಿತು. ಎಣ್ಣೆಯ ಧಾರೆಯೋ ಬಾಂಡ್ಲಿಯನ್ನು ದಾಟಿ ಒಂದು ಗೇಣು ಆಚೆ ಬೀಳುತ್ತಿದೆ. ಬಾಂಡ್ಲಿಯನ್ನು ಅತ್ತ ಎಳೆದರು. ಅಷ್ಟರಲ್ಲಿ ಧಾರೆ ಕುಗ್ಗಿ ಇತ್ತ ಬೀಳತೊಡಗಿತು. ಇದರ ಮೇಲೆ ಬಾಂಡ್ಲಿ ಹಿಡಿಯೋದು ಐದು ಲೀಟರು, ಬರುವ ಎಣ್ಣೆ ಏಳು. ತೂತು ಮುಚ್ಚೋಣವೆಂದರೆ ಬೋಲ್ಟು ಕರಿ ಎಣ್ಣೆಯ ತಳದಲ್ಲಿದೆ!

ಹೀಗೇಕಾಗುತ್ತದೆ? ತುಂಬಿದ ಹಂಡೆಯ ಪಕ್ಕದಲ್ಲಿ ತೂತಾದರೆ ನೀರು ಮೊದಲು ದೂರ ಚಿಮ್ಮುತ್ತದೆ, ನೀರಿನ ಮಟ್ಟ ಇಳಿದಂತೆ ಧಾರೆ ಹತ್ತಿರ ಬರುತ್ತದೆ, ಅಲ್ಲವೆ? ಪಕ್ಕಕ್ಕೆ ಬೋಲ್ಟು ಇರುವ ಎಂಜಿನ್ನಿನಲ್ಲೂ ಅದೇ ನಡೆಯುವುದು. ಆದ್ದರಿಂದ ಅಗಲವಾದ, ಹತ್ತು ಲೀಟರಾದರೂ ಹಿಡಿಯುವ ಟಬ್ಬು ಇಡಿ. ಅದರ ಮೇಲೆ ಕೆಲಸಕ್ಕೆ ಬಾರದ ಹಳೆಯ ಜರಡಿಯೊಂದನ್ನು ಹಾಸಿದರೆ ಬೋಲ್ಟು ಬಿದ್ದರೂ ಮೇಲೆಯೇ ನಿಲ್ಲುತ್ತದೆ. ತಿರುಗಿಸುವಾಗ ಬೋಲ್ಟನ್ನು ಒಳಕ್ಕೆ ಒತ್ತಿ ಹಿಡಿದಿರಿ. ಸುತ್ತು ಮುಗಿದದ್ದು ಕೈಗೆ ಗೊತ್ತಾದ ಕೂಡಲೆ ಪಕ್ಕಕ್ಕೆ ಸೆಳೆದುಕೊಳ್ಳಿ.

ಎಂಜಿನ್ನು ಬೆಚ್ಚಗಿರಬೇಕು, ಸುಡುವಂತಿರಬಾರದು. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಮಸಿಯನ್ನೂ ಹೊತ್ತುಕೊಂಡು ಇಳಿಯುತ್ತದೆ. ಆದರೆ ಹೊಲದಿಂದ ಬಂದ ಕೂಡಲೆ ಬಿಚ್ಚಿದರೆ ಕೈ ಬೊಬ್ಬೆ ಬರುವುದು ಖಂಡಿತ. ಟ್ರ್ಯಾಕ್ಟರನ್ನು ಮಟ್ಟವಾದ ಜಾಗದಲ್ಲಿ ನಿಲ್ಲಿಸಿ, ಬ್ರೇಕು ಹಾಕಿ, ಗಾಲಿಗೆ ಕಲ್ಲು ಕೊಟ್ಟೇ ಕೆಳಗೆ ತೂರಿಕೊಳ್ಳಿ.

ಇನ್ನು ಕೆಲವರು ಬಿಚ್ಚುವ ಬೋಲ್ಟೇ ಬೇರೆ. ಎಂಜಿನ್ನಿನ ಎಣ್ಣೆಯ ಬೋಲ್ಟು ಮುಂಭಾಗದಲ್ಲಿ, ಎಂಜಿನ್ನಿನ ಕೆಳಗಿನ ಚೇಂಬರಿನಲ್ಲಿರುತ್ತದೆ. ಹಿಂದುಗಡೆ ಗೇರುಪೆಟ್ಟಿಗೆಯ ಕೆಳಗೂ ಇಂಥ ಬೋಲ್ಟುಗಳಿವೆ. ಅದನ್ನು ತೆಗೆದರೆ ಟಬ್ಬಿನ ಮೇಲೆ ಟಬ್ಬು ತುಂಬಿದರೂ ಎಣ್ಣೆ ನಿಲ್ಲುವುದಿಲ್ಲ. ಆಮೇಲೆ ಹಳೆಯ ಎಣ್ಣೆ ಹಾಗೇ ಉಳಿದಿರುವ ಎಂಜಿನ್ನಿಗೆ ಹೊಸದನ್ನೂ ಸುರಿಯುತ್ತಾರೆ. ಒಂದು ಕಡೆ ಗೇರುಪೆಟ್ಟಿಗೆ ಬರಿದು, ಇನ್ನೊಂದು ಕಡೆ ಎಂಜಿನ್ನಿಗೆ ಅಜೀರ್ಣ. ಡೀಸೆಲ್ ಎಂಜಿನ್ನಿನ ಹಳೆಯ ಎಣ್ಣೆ ಕಾಡಿಗೆಯಂತೆ ಕಪ್ಪು. ಕಪ್ಪಲ್ಲದ, ತಿಳಿಯಾದ ಎಣ್ಣೆ ಬಂತೆಂದರೆ ತಕ್ಷಣ ಬೋಲ್ಟು ಮುಚ್ಚಿ.

ಬೋಲ್ಟು ಹಾಕುವುದನ್ನೇ ಮರೆತು ಹೊಸ ಎಣ್ಣೆ ಸುರಿದವರೂ ಇದ್ದಾರೆ ಸ್ವಾಮಿ! ಮೇಲೆ ಆಲಿಕೆಯಲ್ಲಿ ಸುರಿದ ಎಣ್ಣೆ ಕೆಳಗೆ ಜೇನಿನ ಬಣ್ಣದಲ್ಲಿ ಹರಿದು, ಅದರಲ್ಲಿ ಓಡಾಡಿದ ಕೋಳಿಗಳು ಪಡಸಾಲೆಯ ತುಂಬ ರಂಗೋಲಿ ಬಿಡುತ್ತವೆ. ಆಮೇಲೆ ಮನೆಯಾಕೆ ಏನಂದರು ಅನ್ನೋದು ಇಲ್ಲಿ ಬೇಡ. ಬೋಲ್ಟಿಗೆ ಹೊಸ ವಾಷರು ಹಾಕಿ ಬಿಗಿ ಮಾಡಿದ ಮೇಲೆಯೇ ಎಣ್ಣೆಯ ಡಬ್ಬದ ಮುಚ್ಚಳ ತೆಗೆಯಿರಿ. ಬಿಗಿ ಅಂದರೆ ಪಾನದ ತುದಿಗೆ ಪೈಪು ಸಿಕ್ಕಿಸಿ ಇಬ್ಬರು ಜಗ್ಗುವಷ್ಟಲ್ಲ. ಹಾಗೆ ಮಾಡಿದರೆ ಚೇಂಬರಿನ ಮರೆಯೇ ಸವೆದು ಹೋಗುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಫಿಲ್ಟರಿನ ರಬ್ಬರು ಉಂಗುರ. ಡಬ್ಬದಂತೆ ತಿರುಗಿಸಿ ಹಾಕುವ ಫಿಲ್ಟರನ್ನು ಬಿಚ್ಚಿದಾಗ ಹಳೆಯ ಉಂಗುರ ಎಷ್ಟೋ ಸಲ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಕಪ್ಪು ಎಣ್ಣೆಯಲ್ಲಿ ಕಪ್ಪು ಉಂಗುರ, ಕಣ್ಣಿಗೆ ಕಾಣದು. ಅದರ ಮೇಲೇ ಹೊಸ ಫಿಲ್ಟರು ಕೂರಿಸಿದರೆ ಉಂಗುರದ ಮೇಲೆ ಉಂಗುರ. ನಿಂತಿದ್ದಾಗ ಒಂದು ಹನಿಯೂ ಸೋರದು. ಚಾಲೂ ಮಾಡಿದಿರೋ, ಪಂಪು ಎಣ್ಣೆಯನ್ನು ಒತ್ತಡದಲ್ಲಿ ನೂಕುತ್ತದೆ, ಉಂಗುರ ಜಾರುತ್ತದೆ, ಎಣ್ಣೆ ಪಿಚಕಾರಿಯಂತೆ ಗೋಡೆಗೆ ಹಾರುತ್ತದೆ. ಅಂಗಳದಲ್ಲಿ ಹಾರಿದರೆ ಪುಣ್ಯ. ಹೊಲಕ್ಕೆ ಹೋದ ಮೇಲೆ ಜಾರಿದರೆ ಚಾಲಕನಿಗೆ ತಿಳಿಯುವುದರೊಳಗೆ ಚೇಂಬರು ಖಾಲಿ. ಎಣ್ಣೆಯಿಲ್ಲದ ಬೇರಿಂಗುಗಳು ಉಜ್ಜಿ, ಕಾದು, ಹಿಡಿದುಕೊಳ್ಳುತ್ತವೆ. ಬಿತ್ತನೆ ನಿಲ್ಲುತ್ತದೆ, ರಿಪೇರಿಗೆ ಸಾಲ ಎತ್ತಬೇಕಾಗುತ್ತದೆ.

ಆದ್ದರಿಂದ ಹಳೆಯ ಫಿಲ್ಟರು ಬಿಚ್ಚಿದ ಕೂಡಲೆ ಅದರ ಉಂಗುರ ಅದರಲ್ಲೇ ಇದೆಯೇ ನೋಡಿ. ಇಲ್ಲವಾದರೆ ಎಂಜಿನ್ನಿನ ಮುಖವನ್ನು ಬಟ್ಟೆಯಲ್ಲಿ ಒರೆಸಿ ಬೆರಳಾಡಿಸಿ. ಹೊಸ ಉಂಗುರಕ್ಕೆ ಚೂರು ಎಣ್ಣೆ ಸವರಿ, ಅದು ಮುಖಕ್ಕೆ ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಕೈಯಲ್ಲೇ ಬಿಗಿ ಮಾಡಿದರೆ ಸಾಕು.

ಎಣ್ಣೆ ಸುರಿದ ಮೇಲೆ ಅಳತೆ ಕಡ್ಡಿಯಲ್ಲಿ ಎರಡು ಗೆರೆಗಳ ನಡುವೆ ಇರಬೇಕು. ಮೇಲಿನ ಗೆರೆ ಮೀರಿದರೆ ಎಣ್ಣೆ ನೊರೆಯೆದ್ದು ಹೊಗೆ, ಸೋರಿಕೆ ಶುರುವಾಗುತ್ತದೆ. ಚಾಲೂ ಮಾಡಿದ ಕೆಲವೇ ಕ್ಷಣಗಳಲ್ಲಿ ಎಣ್ಣೆಯ ದೀಪ ಆರಬೇಕು. ಆರದಿದ್ದರೆ ಕೂಡಲೆ ನಿಲ್ಲಿಸಿ. ಒಂದೆರಡು ನಿಮಿಷ ಓಡಿಸಿ, ಕೆಳಗೆ ಬಗ್ಗಿ ಸೋರಿಕೆ ನೋಡಿ, ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಡ್ಡಿ ಹಾಕಿ. ನಾಲ್ಕು ಗಂಟೆ ಉತ್ತರೊಳಗೆ ಹೊಸ ಎಣ್ಣೆ ಕಪ್ಪಾಯಿತೆಂದು ಅಂಗಡಿಯವನ ಮೇಲೆ ಹೋಗಬೇಡಿ. ಡೀಸೆಲ್ಲಿನ ಮಸಿಯನ್ನು ಎಳೆದುಕೊಳ್ಳುವುದೇ ಅದರ ಕೆಲಸ.

ಚೆಲ್ಲಿದ್ದರ ಮೇಲೆ ನೀರು ಹೊಯ್ಯಬೇಡಿ, ಹರಡುತ್ತದೆ. ತಣ್ಣಗಿನ ಬೂದಿ ಅಥವಾ ಮರದ ಹೊಟ್ಟು ಹರಡಿ, ಹೀರಿದ ಮೇಲೆ ಕೆರೆದು ತೆಗೆಯಿರಿ. ಅದನ್ನು ತಿಪ್ಪೆಗೆ ಹಾಕಬೇಡಿ. ಹಳೆಯ ಎಣ್ಣೆಯನ್ನು ಬಾವಿಯ ಬದಿಗೋ ಕಾಲುವೆಗೋ ಸುರಿಯಬೇಡಿ. ದನದ ಗಾಯಕ್ಕೆ ಹಚ್ಚುವ ರೂಢಿಯನ್ನಂತೂ ಬಿಡಿ. ಅದರಲ್ಲಿ ಲೋಹದ ಪುಡಿಯೂ ಸುಟ್ಟ ವಿಷವೂ ಇದೆ, ಪದೇ ಪದೇ ಚರ್ಮಕ್ಕೆ ತಾಗುವುದು ಮನುಷ್ಯರಿಗೂ ಕೆಡುಕು. ೨೦೧೬ರ ಕೇಂದ್ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯಗಳಲ್ಲಿ ಸೇರಿಸಿವೆ. ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಶುದ್ಧಿಗೆ ಕಳಿಸುವ ವರ್ಕ್‌ಷಾಪಿಗೆ ಕೊಡಿ. ಅಡುಗೆ ಎಣ್ಣೆಯ ಡಬ್ಬದಲ್ಲಿ ಮಾತ್ರ ತುಂಬಬೇಡಿ, ತಾಯಂದಿರು ಕತ್ತಲಲ್ಲಿ ಯಾವುದು ಅಂತ ನೋಡಿಯಾರು? ಕೊನೆಗೆ ಮೀಟರಿನ ಗಂಟೆ ನೋಡಿ, ಮುಂದಿನ ಸಲ ಎಷ್ಟಕ್ಕೆ ಬದಲಾಯಿಸಬೇಕು ಅನ್ನೋದನ್ನು ಮಡ್‌ಗಾರ್ಡಿನ ಒಳಬದಿಯಲ್ಲಿ ಬಣ್ಣದಿಂದ ಬರೆದಿಡಿ.